ಗಲ್ಫ್‌ಗೆ ಕರೆ ಹೋಗ್ತಿಲ್ವಾ? ಮೊದಲು ಆ ಧ್ವನಿ ಯಾವ ಭಾಷೆಯದು ಅಂತ ಕೇಳಿ

ಒಂದು ಸಂಜೆ ಪಕ್ಕದ ಮನೆಯ ಅಕ್ಕ ಫೋನ್ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಮಗ ಅಬುಧಾಬಿಗೆ ಹೋಗಿ ಹತ್ತು ದಿನ ಆಗಿತ್ತು. ಅಲ್ಲಿ ಹೊಸ ಸಿಮ್ ತಗೊಂಡು ನಂಬರ್ ಕಳಿಸಿದ್ದ. ಅವನ ಮೆಸೇಜ್ ಬರುತ್ತದೆ, ಫೋಟೋ ಬರುತ್ತದೆ. ಆದರೆ ಇಲ್ಲಿಂದ ಕರೆ ಮಾತ್ರ ಹೋಗುವುದಿಲ್ಲ.

"ನಾಲ್ಕು ದಿನದಿಂದ ಮಾಡ್ತಾ ಇದ್ದೇನೆ ಮಾರಾಯ. ಒಮ್ಮೆಯೂ ಹೋಗುದಿಲ್ಲ. ಫೋನೇ ಹಾಳಾಯ್ತಾ ಎಂತ?"

ನಾನು ಫೋನ್ ಕೈಗೆ ತಗೊಳ್ಳಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. "ಅಕ್ಕಾ, ಕರೆ ಮಾಡಿದಾಗ ಒಂದು ಹೆಂಗಸಿನ ಧ್ವನಿ ಬರ್ತದಲ್ಲ, ಅದು ಯಾವ ಭಾಷೆ?"

"ಕನ್ನಡವೇ. ನಂಬರ್ ಸರಿ ಉಂಟಾ ನೋಡಿ ಅಂತ ಹೇಳ್ತಾಳೆ."

ಅಂದರೆ ಕರೆ ಇನ್ನೂ ನಮ್ಮ ದೇಶವನ್ನೇ ದಾಟಿಲ್ಲ. ಫೋನ್ ಹಾಳಾಗಿಲ್ಲ, ಮಗನ ಸಿಮ್‌ಗೂ ಏನೂ ಆಗಿಲ್ಲ. ತಪ್ಪು ಇರುವುದು ಇಲ್ಲೇ, ನಂಬರ್ ಬರೆದುಕೊಂಡ ರೀತಿಯಲ್ಲಿ.

ನಾನು ಉಡುಪಿಯಲ್ಲಿ ಹನ್ನೊಂದು ವರ್ಷ ಎಸ್‌ಟಿಡಿ ಬೂತ್ ನಡೆಸಿದವನು. ಗಾಜಿನ ಬಾಗಿಲಿನ ಆ ಸಣ್ಣ ಗೂಡಿನಲ್ಲಿ ನಿಂತು ದುಬೈ, ಮಸ್ಕತ್, ಕುವೈತ್ ಅಂತ ಕರೆ ಮಾಡಿದವರು ಲೆಕ್ಕವಿಲ್ಲ. ಮೀಟರ್‌ನಲ್ಲಿ ಕೆಂಪು ಅಂಕಿ ಓಡುತ್ತಿತ್ತು. ಜನ ಅದನ್ನೇ ನೋಡುತ್ತಾ ಅವಸರದಲ್ಲಿ ಮಾತು ಮುಗಿಸುತ್ತಿದ್ದರು. ಆಗ ಕಲಿತ ಒಂದು ವಿಷಯ ಇವತ್ತಿಗೂ ಸುಳ್ಳಾಗಿಲ್ಲ. ಕರೆ ಹೋಗದಿದ್ದರೆ ಕೂಡಲೇ ಕಟ್ ಮಾಡಬೇಡಿ. ಕಿವಿಗೆ ಏನು ಬೀಳುತ್ತದೆ ಅಂತ ಪೂರ್ತಿ ಕೇಳಿ. ಕರೆ ಎಲ್ಲಿ ನಿಂತಿದೆ ಅಂತ ಅದೇ ಹೇಳುತ್ತದೆ.

ಧ್ವನಿ ಎಲ್ಲಿಂದ ಬರುತ್ತದೆ?

ನಿಮ್ಮ ಕರೆ ಮೊದಲು ನಿಮ್ಮ ಕಂಪನಿಯ ಎಕ್ಸ್‌ಚೇಂಜ್‌ಗೆ ಹೋಗುತ್ತದೆ. ಅಲ್ಲಿಂದ ದೇಶದ ಹೊರಗೆ ಕಳಿಸುವ ಗೇಟ್‌ವೇ. ಆಮೇಲೆ ಸಮುದ್ರದ ಕೇಬಲ್ ದಾಟಿ ಆ ದೇಶದ ಕಂಪನಿ. ಕೊನೆಗೆ ಅವರ ಟವರ್, ಅವರ ಫೋನ್. ಕರೆ ಎಲ್ಲಿ ಸಿಕ್ಕಿಬೀಳುತ್ತದೋ ಸಾಮಾನ್ಯವಾಗಿ ಅಲ್ಲಿನ ಎಕ್ಸ್‌ಚೇಂಜ್ ತನ್ನ ಭಾಷೆಯಲ್ಲಿ ಮಾತಾಡುತ್ತದೆ.

ಕನ್ನಡ ಅಥವಾ ಹಿಂದಿ ಕೇಳಿದರೆ ಕರೆ ನಮ್ಮ ಕಡೆಯೇ ನಿಂತಿದೆ. ನಂಬರ್ ಬರೆದ ರೀತಿ, ರೀಚಾರ್ಜ್, ಐಎಸ್‌ಡಿ ಅಂದರೆ ಹೊರದೇಶಕ್ಕೆ ಕರೆ ಮಾಡುವ ಸೌಲಭ್ಯ, ಈ ಮೂರನ್ನು ನೋಡಿ. ಮೊದಲು ಅರಬ್ಬಿ, ಆಮೇಲೆ ಇಂಗ್ಲಿಷ್ ಬಂದರೆ ಕರೆ ಅಲ್ಲಿಗೆ ಮುಟ್ಟಿದೆ. ನಿಮ್ಮ ಫೋನ್, ನಿಮ್ಮ ದುಡ್ಡು, ನಿಮ್ಮ ಕಂಪನಿ ಎಲ್ಲ ಸರಿ ಇದೆ. ಯಾವ ಧ್ವನಿಯೂ ಇಲ್ಲದೆ ಹತ್ತಿಪ್ಪತ್ತು ಸೆಕೆಂಡ್ ಮೌನವಾಗಿದ್ದು ತಾನೇ ಕಟ್ ಆದರೆ ಮಧ್ಯದ ದಾರಿಯಲ್ಲಿ ತೊಂದರೆ.

ಒಂದು ಕಡೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಹೋದವರು ಇನ್ನೂ ಅಲ್ಲಿನ ಸಿಮ್ ತಗೊಂಡಿಲ್ಲ, ನಮ್ಮ ಊರಿನ ಸಿಮ್ಮನ್ನೇ ರೋಮಿಂಗ್‌ನಲ್ಲಿ ಇಟ್ಟುಕೊಂಡಿದ್ದಾರೆ ಅಂತ ಇಟ್ಟುಕೊಳ್ಳಿ. ಆಗ ಅವರು ದುಬೈಯಲ್ಲಿದ್ದರೂ ಫೋನ್ ಆಫ್ ಆದಾಗ ನಿಮಗೆ ಕನ್ನಡವೇ ಕೇಳಿಸಬಹುದು. ಯಾಕಂದರೆ ಆ ನಂಬರಿನ ಮನೆ ಇನ್ನೂ ಇಲ್ಲಿಯದೇ. ಅವರಿಗೆ ಮಾಮೂಲಿ ಹತ್ತು ಅಂಕಿ ಒತ್ತಿದರೆ ಸಾಕು, ದೇಶದ ಕೋಡ್ ಬದಲಿಸುವುದು ಬೇಡ.

ಆ ಸೊನ್ನೆ

ಅಕ್ಕನ ಫೋನ್‌ನಲ್ಲಿ ನಂಬರ್ 050 ಅಂತ ಶುರುವಾಗಿತ್ತು. ಆಮೇಲೆ ಏಳು ಅಂಕಿ. ಎಣಿಸಿ ನೋಡಿದರೆ ಸರಿಯಾಗಿ ಹತ್ತು. ನಮ್ಮ ಕಣ್ಣಿಗೆ ಹತ್ತು ಅಂಕಿ ಕಂಡ ಕೂಡಲೇ ಮೊಬೈಲ್ ನಂಬರ್ ಅಂತ ಅನಿಸಿಬಿಡುತ್ತದೆ, ಅಲ್ವಾ? ಮೋಸ ಹೋಗುವುದು ಅಲ್ಲೇ. ಯುಎಇಯ ಒಳಗಿರುವವರು ತಮ್ಮ ಮೊಬೈಲ್ ನಂಬರನ್ನು 050, 052, 054, 055, 056, 058 ಅಂತ ಸೊನ್ನೆ ಸೇರಿಸಿಯೇ ಹೇಳುತ್ತಾರೆ. ಆ ಸೊನ್ನೆ ಅವರ ದೇಶದ ಒಳಗಿನ ಕರೆಗೆ ಮಾತ್ರ. ಹೊರಗಿನಿಂದ ಮಾಡುವಾಗ ಅದನ್ನು ಬಿಡಬೇಕು, ಆ ಜಾಗದಲ್ಲಿ +971 ಹಾಕಬೇಕು.

ಸಂಜೆ ಹೀಗಾಯಿತು. ಅಕ್ಕನ ತಮ್ಮನ ಮಗ ಜಾಣ ಹುಡುಗ. ನಾನು ಹೇಳುವ ಮೊದಲೇ +971 ಸೇರಿಸಿದ. ಆದರೆ ಸೊನ್ನೆಯನ್ನು ಹಾಗೇ ಬಿಟ್ಟ. ಕರೆ ಮಾಡಿದಾಗ ಅರಬ್ಬಿ ಧ್ವನಿ ಬಂತು. ಅಕ್ಕನಿಗೆ ಗಾಬರಿ. ನನಗೆ ಖುಷಿ, ಯಾಕಂದರೆ ಕರೆ ಸಮುದ್ರ ದಾಟಿತ್ತು. ಸೊನ್ನೆ ಅಳಿಸಿ ಇನ್ನೊಮ್ಮೆ ಒತ್ತಿದೆವು. ಎರಡನೇ ರಿಂಗ್‌ಗೆ ಮಗ ಎತ್ತಿದ.

ಗಲ್ಫ್ ಅಂತ ಒಟ್ಟಾಗಿ ಹೇಳಿದರೂ ಎಲ್ಲ ದೇಶಕ್ಕೂ ಒಂದೇ ನಿಯಮ ಅಲ್ಲ. ಯುಎಇ ಮತ್ತು ಸೌದಿಯಲ್ಲಿ ಈ ಸೊನ್ನೆ ಇದೆ. ಸೌದಿ ಮೊಬೈಲ್ ಕೂಡ 05 ಅಂತಲೇ ಶುರು. ಅಲ್ಲಿಗೆ +966, ಆಮೇಲೆ 5ರಿಂದ ಶುರುವಾಗುವ ಒಂಬತ್ತು ಅಂಕಿ. ಒಮಾನ್, ಕತಾರ್, ಕುವೈತ್, ಬಹ್ರೇನ್‌ಗಳಲ್ಲಿ ಸೊನ್ನೆಯ ತಂಟೆಯೇ ಇಲ್ಲ. ನಂಬರ್ ಎಂಟೇ ಅಂಕಿ. ಒಮಾನಿಗೆ +968, ಕತಾರ್‌ಗೆ +974, ಕುವೈತ್‌ಗೆ +965, ಬಹ್ರೇನ್‌ಗೆ +973 ಸೇರಿಸಿದರೆ ಮುಗಿಯಿತು.

ನಾನು ಅಂಕಿ ಎಣಿಸಿ ನೋಡುತ್ತೇನೆ. ಯುಎಇ ಅಥವಾ ಸೌದಿ ಮೊಬೈಲ್ ಆದರೆ ದೇಶದ ಕೋಡ್ ಸೇರಿ 12 ಅಂಕಿ ಇರಬೇಕು. ಉಳಿದ ನಾಲ್ಕು ದೇಶಕ್ಕೆ 11. ಒಂದು ಜಾಸ್ತಿ ಇದ್ದರೆ ಎಲ್ಲೋ ಸೊನ್ನೆ ಕೂತಿದೆ ಅಂತಲೇ ಅರ್ಥ. ನಡುವೆ ಖಾಲಿ ಜಾಗ, ಅಡ್ಡಗೆರೆ ಇದ್ದರೆ ಪರವಾಗಿಲ್ಲ, ಫೋನ್ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಪ್ಲಸ್ ಗುರುತು ಸಿಗದಿದ್ದರೆ ಸೊನ್ನೆಯ ಬಟನ್ ಒತ್ತಿ ಹಿಡಿಯಿರಿ, ಬರುತ್ತದೆ. ಲ್ಯಾಂಡ್‌ಲೈನ್‌ನಲ್ಲಿ ಪ್ಲಸ್ ಇಲ್ಲ. ಅಲ್ಲಿ ಬದಲಿಗೆ 00 ಒತ್ತಬೇಕು. ನಮ್ಮಲ್ಲೂ ಗಲ್ಫ್ ದೇಶಗಳಲ್ಲೂ 00 ನಡೆಯುತ್ತದೆ. ಆದರೆ ಅಮೆರಿಕದ ಲ್ಯಾಂಡ್‌ಲೈನ್‌ನಲ್ಲಿ 011 ಬೇಕು, ಆಸ್ಟ್ರೇಲಿಯಾದಲ್ಲಿ 0011. ಅದಕ್ಕೇ ಮೊಬೈಲ್‌ನಲ್ಲಿ ಎಲ್ಲ ನಂಬರನ್ನೂ ಪ್ಲಸ್ ಹಾಕಿಯೇ ಸೇವ್ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮೂರಿನವರ ನಂಬರನ್ನೂ +91 ಹಾಕಿಯೇ ಇಟ್ಟುಕೊಳ್ಳಿ. ನಾಳೆ ನೀವೇ ಮಗನ ಮನೆಗೆ ಹೋದಾಗ ಅದೇ ನಂಬರ್ ಅಲ್ಲಿಂದಲೂ ಕೆಲಸ ಮಾಡುತ್ತದೆ.

ಹಳೆ ಡೈರಿಯ ನಂಬರ್

ಕೆಲವರು ಇನ್ನೂ ಡೈರಿ ನೋಡಿ ಕರೆ ಮಾಡುತ್ತಾರೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ಡೈರಿ ಹಳೆಯದಾದರೆ ನಂಬರ್ ಕೂಡ ಹಳೆಯದು. ಕುವೈತ್ 2008ರಲ್ಲಿ ಏಳು ಅಂಕಿಯಿಂದ ಎಂಟಕ್ಕೆ ಹೋಯಿತು. ಕತಾರ್ 2010ರಲ್ಲಿ ಹಾಗೇ ಮಾಡಿತು. ಅಲ್ಲಿ ಮೊದಲ ಅಂಕಿಯನ್ನೇ ಎರಡು ಸಲ ಹಾಕಿದರು. 5ರಿಂದ ಶುರುವಾಗುತ್ತಿದ್ದ ಮೊಬೈಲ್ 55 ಆಯಿತು, 4ರಿಂದ ಶುರುವಾಗುತ್ತಿದ್ದ ಲ್ಯಾಂಡ್‌ಲೈನ್ 44 ಆಯಿತು. ನಿಮ್ಮ ಡೈರಿಯಲ್ಲಿ ದೋಹಾದ ಏಳು ಅಂಕಿಯ ನಂಬರ್ ಇದ್ದರೆ ಅದು 2010ಕ್ಕಿಂತ ಹಿಂದಿನದು. ಮೊದಲ ಅಂಕಿಯನ್ನು ಇನ್ನೊಮ್ಮೆ ಸೇರಿಸಿ ಪ್ರಯತ್ನ ಮಾಡಬಹುದು. ಇಷ್ಟು ವರ್ಷದಲ್ಲಿ ಆ ನಂಬರ್ ಬೇರೆಯವರ ಕೈಗೆ ಹೋಗಿರಲೂಬಹುದು, ಮೊದಲು ಯಾರು ಅಂತ ಕೇಳಿಯೇ ಮಾತು ಶುರು ಮಾಡಿ.

ನಂಬರ್ ಸರಿ ಇದೆ, ಆದರೂ ಕನ್ನಡದ ಧ್ವನಿ

ಹಾಗಾದರೆ ರೀಚಾರ್ಜ್ ಕಡೆ ನೋಡಬೇಕು. ಇಲ್ಲಿ ತುಂಬಾ ಜನ ಬೇಸರ ಮಾಡಿಕೊಳ್ಳುತ್ತಾರೆ. "ಅನ್‌ಲಿಮಿಟೆಡ್ ಹಾಕಿಸಿದ್ದೇನೆ, ಆದರೂ ಹೋಗುವುದಿಲ್ಲ" ಅಂತ. ಆ ಅನ್‌ಲಿಮಿಟೆಡ್ ಭಾರತದ ಒಳಗಿನ ಕರೆಗೆ. ಹೊರದೇಶಕ್ಕೆ ಬೇರೆಯೇ ದುಡ್ಡು ಬೇಕು. ಪ್ರಿಪೇಯ್ಡ್ ಆದರೆ ಮೇನ್ ಬ್ಯಾಲೆನ್ಸ್ ಇರಬೇಕು ಅಥವಾ ಐಎಸ್‌ಡಿ ಪ್ಯಾಕ್ ಹಾಕಿಸಬೇಕು. ಪ್ಯಾಕ್ ಹಾಕಿಸುವ ಮೊದಲು ನೀವು ಕರೆ ಮಾಡುವ ದೇಶದ ಹೆಸರು ಅದರಲ್ಲಿ ಇದೆಯಾ ನೋಡಿ. ಒಂದೇ ಪ್ಯಾಕ್‌ನಲ್ಲಿ ಒಂದೊಂದು ದೇಶಕ್ಕೆ ಒಂದೊಂದು ದರ ಇರುತ್ತದೆ. ಪೋಸ್ಟ್‌ಪೇಯ್ಡ್ ಆದರೆ ಐಎಸ್‌ಡಿ ಶುರು ಮಾಡಿ ಅಂತ ಕೇಳಿ ಹಾಕಿಸಿಕೊಳ್ಳಬೇಕಾಗಬಹುದು.

ಅಂಗಡಿಯಲ್ಲಿ ಕೇಳುವಾಗ ಒಂದು ಎಚ್ಚರ. ಐಎಸ್‌ಡಿ ಬೇರೆ, ಇಂಟರ್‌ನ್ಯಾಷನಲ್ ರೋಮಿಂಗ್ ಬೇರೆ. ಇಲ್ಲಿ ಕೂತು ಹೊರಗೆ ಕರೆ ಮಾಡುವುದು ಐಎಸ್‌ಡಿ. ನಮ್ಮ ಸಿಮ್ ಹಿಡಿದುಕೊಂಡು ನಾವೇ ಹೊರಗೆ ಹೋಗುವುದು ರೋಮಿಂಗ್. ಮಗನಿಗೆ ಫೋನ್ ಮಾಡಬೇಕು ಅಂತ ಹೋಗಿ ದುಬಾರಿ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಬಂದ ಹಿರಿಯರೊಬ್ಬರನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಆ ದುಡ್ಡು ವಾಪಸ್ ಬರಲಿಲ್ಲ. ಅಂಗಡಿಯವರಿಗೆ "ನಾನು ಉಡುಪಿಯಲ್ಲೇ ಇರ್ತೇನೆ, ಇಲ್ಲಿಂದ ಕರೆ ಮಾಡಬೇಕು" ಅಂತ ಬಿಡಿಸಿ ಹೇಳಿ.

ದುಡ್ಡೂ ಇದೆ, ಪ್ಯಾಕೂ ಇದೆ, ಆದರೂ ಹೋಗುವುದಿಲ್ಲ ಅಂದರೆ ಹೊರದೇಶದ ಕರೆಗೆ ತಡೆ ಬಿದ್ದಿರಬಹುದು. ಮಕ್ಕಳು ಸೆಟ್ಟಿಂಗ್ಸ್ ಮುಟ್ಟಿದಾಗ ಇದು ಆಗಬಹುದು. *#331# ಅಂತ ಒತ್ತಿ ಕರೆಯ ಬಟನ್ ಒತ್ತಿ. ಹೊರದೇಶದ ಕರೆಗೆ ತಡೆ ಇದೆಯಾ ಇಲ್ಲವಾ ಅಂತ ಸ್ಕ್ರೀನ್ ಮೇಲೆ ಬರುತ್ತದೆ. ಇದು ಬರೀ ನೋಡುವ ಕೋಡ್, ಏನನ್ನೂ ಬದಲಿಸುವುದಿಲ್ಲ, ಹೆದರಬೇಡಿ. ಉತ್ತರ ಬರದಿದ್ದರೆ ಕರೆಯ ಸೆಟ್ಟಿಂಗ್ಸ್ ಒಳಗೆ ಕಾಲ್ ಬ್ಯಾರಿಂಗ್ ಅಂತ ಹುಡುಕಿ. ಲ್ಯಾಂಡ್‌ಲೈನ್ ಇದ್ದವರು ಐಎಸ್‌ಡಿ ಲಾಕ್ ಹಾಕಿಸಿಟ್ಟಿದ್ದು ಮರೆತಿರುತ್ತಾರೆ, ಅದನ್ನೂ ನೋಡಿ.

ಮೌನ, ಪ್ರತಿಧ್ವನಿ, ಅರ್ಧ ಮಾತು

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2002ರ ಏಪ್ರಿಲ್‌ಗೆ ಮೊದಲು ದೇಶದ ಹೊರಗೆ ಹೋಗುವ ಕರೆಗಳೆಲ್ಲ ವಿಎಸ್‌ಎನ್‌ಎಲ್ ಎಂಬ ಕಂಪನಿಯ ಒಂದೇ ಬಾಗಿಲಿನಿಂದ ಹೋಗುತ್ತಿದ್ದವು. ಆ ಬಾಗಿಲು ತುಂಬಿದರೆ ಬೂತ್‌ನಲ್ಲಿ ಕೂತು ಮತ್ತೆ ಮತ್ತೆ ಒತ್ತುವುದೇ ನನ್ನ ಕೆಲಸ. ಈಗ ಹಲವು ಕಂಪನಿಗಳು ಹಲವು ದಾರಿಯಲ್ಲಿ ಕರೆ ಸಾಗಿಸುತ್ತವೆ. ನಿಮ್ಮ ಧ್ವನಿ ಅವರಿಗೆ ಕೇಳಿಸುತ್ತದೆ, ಅವರದು ನಿಮಗೆ ಕೇಳಿಸುವುದಿಲ್ಲ ಅಂದರೆ ಆ ಒಂದು ದಾರಿ ಸರಿ ಇಲ್ಲ. ಕಟ್ ಮಾಡಿ ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ. ಎರಡನೇ ಕರೆ ಬೇರೆ ದಾರಿ ಹಿಡಿಯುವ ಸಾಧ್ಯತೆ ಇದೆ. ಮೂರು ಸಲವೂ ಹಾಗೇ ಆದರೆ ಅವರಿಗೇ ಆ ಕಡೆಯಿಂದ ಮಾಡಲು ಮೆಸೇಜ್ ಹಾಕಿ. ಆ ಕಡೆಯಿಂದ ಬರುವ ಕರೆಯ ದಾರಿಯೇ ಬೇರೆ.

ಅರಬ್ಬಿ ಧ್ವನಿ ಬಂದರೆ

ಆಮೇಲೆ ಬರುವ ಇಂಗ್ಲಿಷ್ ಕೇಳಿ. ನಂಬರ್ ತಪ್ಪು ಅಂದರೆ ಮತ್ತೆ ಆ ಸೊನ್ನೆಯನ್ನೇ ನೋಡಿ. ಸ್ವಿಚ್ ಆಫ್ ಅಂದರೆ ಹೊತ್ತು ನೋಡಿ. ಯುಎಇ ಮತ್ತು ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ನಾವು ಬೆಳಿಗ್ಗೆ ಆರಕ್ಕೆ ಎದ್ದು ಫೋನ್ ಮಾಡಿದರೆ ಕುವೈತ್‌ನಲ್ಲಿ ಇನ್ನೂ ಮೂರೂವರೆ. ರಾತ್ರಿ ಪಾಳಿ ಮುಗಿಸಿ ಮಲಗಿದವರು ಫೋನ್ ಆಫ್ ಮಾಡಿಯೇ ಮಲಗುತ್ತಾರೆ. ರಜೆ ಕೂಡ ಒಂದೇ ದಿನ ಅಲ್ಲ. ಯುಎಇ ಸರ್ಕಾರಿ ಕಚೇರಿಗಳು 2022ರಿಂದ ಶನಿವಾರ, ಭಾನುವಾರದ ರಜೆಗೆ ಬದಲಾಗಿವೆ. ಸೌದಿಯಲ್ಲಿ ಶುಕ್ರವಾರ, ಶನಿವಾರ.

ಇನ್ನೊಂದು ಕಾರಣ ಇದೆ. ಇದನ್ನು ಗೊತ್ತಿಲ್ಲದೆ ತಾಯಂದಿರು ರಾತ್ರಿಯಿಡೀ ನಿದ್ದೆ ಕೆಡುತ್ತಾರೆ. ಯುಎಇಯಲ್ಲಿ ಸಿಮ್ ಅನ್ನು ಎಮಿರೇಟ್ಸ್ ಐಡಿಗೆ, ಅಂದರೆ ಅಲ್ಲಿನ ಗುರುತಿನ ಚೀಟಿಗೆ ಜೋಡಿಸಿರುತ್ತಾರೆ. ಐಡಿಯ ಅವಧಿ ಮುಗಿದು, ಹೊಸ ಐಡಿಯನ್ನು ಸಿಮ್ ಕಂಪನಿಗೆ ಕೊಟ್ಟು ಸರಿ ಮಾಡಿಸದಿದ್ದರೆ ನಂಬರ್ ನಿಂತುಹೋಗುತ್ತದೆ. ವೀಸಾ ಬದಲಾಗುವ ಸಮಯದಲ್ಲಿ ಇದು ಸಾಮಾನ್ಯ. ಮಗನ ನಂಬರ್ ದಿಢೀರ್ ಅಂತ ಸತ್ತುಹೋದರೆ ಮಗನಿಗೆ ಏನೋ ಆಗಿದೆ ಅಂತ ಅರ್ಥ ಅಲ್ಲ. ಜೊತೆಗಿರುವ ಸ್ನೇಹಿತರ ಒಂದು ನಂಬರ್, ಕೆಲಸದ ಜಾಗದ ಒಂದು ನಂಬರ್ ಮನೆಯಲ್ಲಿ ಬರೆದಿಟ್ಟುಕೊಳ್ಳಿ. ಇದನ್ನು ಹೋಗುವ ದಿನವೇ ಕೇಳಿ ಇಟ್ಟುಕೊಳ್ಳಬೇಕು, ಆಮೇಲೆ ಮರೆತೇ ಹೋಗುತ್ತದೆ.

ವಾಟ್ಸಾಪ್ ಕರೆ ಯಾಕೆ ಸೇರುವುದಿಲ್ಲ?

ಮೆಸೇಜ್ ಹೋಗುತ್ತದೆ, ವಾಯ್ಸ್ ನೋಟ್ ಹೋಗುತ್ತದೆ. ಕರೆ ಮಾತ್ರ ಕನೆಕ್ಟಿಂಗ್ ಅಂತಲೇ ಉಳಿಯುತ್ತದೆ. ನಿಮ್ಮ ನೆಟ್ ಸರಿ ಇಲ್ಲ ಅಂತಲ್ಲ. ಯುಎಇಯಲ್ಲಿ ಇಂಟರ್‌ನೆಟ್ ಕರೆಗೆ ಪರವಾನಗಿ ಬೇಕು, ವಾಟ್ಸಾಪ್ ಕರೆ ಅಲ್ಲಿ ನಡೆಯುವುದಿಲ್ಲ. ನೀವು ಇಲ್ಲಿಂದ ಮಾಡಿದರೂ ಆ ತುದಿ ಅಲ್ಲೇ ಇರುವುದರಿಂದ ಸೇರುವುದಿಲ್ಲ. ಬೋಟಿಮ್ ಥರದ ಒಪ್ಪಿಗೆ ಇರುವ ಆ್ಯಪ್ ಎರಡೂ ಕಡೆ ಹಾಕಿಕೊಂಡರೆ ಮುಖ ನೋಡಿ ಮಾತಾಡಬಹುದು. ಯಾರೋ ಹೇಳಿದರು ಅಂತ ವಿಪಿಎನ್ ಹಾಕಿಸಿ ಈ ತಡೆ ದಾಟಲು ಹೇಳಬೇಡಿ. ಅಲ್ಲಿನ ಕಾನೂನಿನಲ್ಲಿ ಅದಕ್ಕೆ ದೊಡ್ಡ ದಂಡ ಇದೆ. ಹೊಟ್ಟೆಪಾಡಿಗೆ ಹೋದ ಹುಡುಗರನ್ನು ಒಂದು ಫೋನ್ ಕರೆಗಾಗಿ ತೊಂದರೆಗೆ ಹಾಕುವುದು ಬೇಡ.

ವಾಟ್ಸಾಪ್‌ನಿಂದ ಬೇರೆ ಒಂದು ಉಪಕಾರ ಇದೆ. ಹೊಸ ನಂಬರನ್ನು ಪ್ಲಸ್ ಸೇರಿಸಿ ಸೇವ್ ಮಾಡಿ, ಆ ಹೆಸರು ವಾಟ್ಸಾಪ್‌ನಲ್ಲಿ ಬರುತ್ತದಾ ನೋಡಿ. ಅವರ ಫೋಟೋ ಕಂಡರೆ ನಂಬರ್ ಸರಿ ಬರೆದಿದ್ದೀರಿ ಅಂತ ಗೊತ್ತಾಯಿತು. ಆದರೆ ಕಾಣದಿದ್ದರೆ ಕೂಡಲೇ ತಪ್ಪು ಅಂತ ತೀರ್ಮಾನ ಮಾಡಬೇಡಿ. ಅಕ್ಕನ ಮಗನ ಹಾಗೆ ಹಲವರು ಅಲ್ಲಿನ ಸಿಮ್ ತಗೊಂಡರೂ ವಾಟ್ಸಾಪನ್ನು ಊರಿನ ನಂಬರಿನಲ್ಲೇ ಇಟ್ಟುಕೊಂಡಿರುತ್ತಾರೆ.

ಅಲ್ಲಿ ಕೂತವರಿಗೆ

ಈಗ ಆ ತುದಿಯ ಮಾತು. ದುಬೈಯಲ್ಲಿ ಇಳಿದ ಮೊದಲ ವಾರ ತಪ್ಪುವುದು ಎರಡು ಕಡೆ. ಒಂದು, ಊರಿಗೆ ಮಾಡುವಾಗ ಸೊನ್ನೆ ಸೇರಿಸುವುದು. ನಮ್ಮಲ್ಲಿ 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡಲು ಮೊದಲು ಸೊನ್ನೆ ಬೇಕು. ಆ ಅಭ್ಯಾಸದಲ್ಲಿ +91 ಆದಮೇಲೂ ಸೊನ್ನೆ ಒತ್ತುತ್ತಾರೆ. ಬೇಡ. ಮೊಬೈಲ್ ಆದರೆ +91, ಆಮೇಲೆ ಹತ್ತು ಅಂಕಿ. ಮನೆಯ ಲ್ಯಾಂಡ್‌ಲೈನ್ ಆದರೆ ಎಸ್‌ಟಿಡಿ ಕೋಡಿನ ಸೊನ್ನೆ ಬಿಡಬೇಕು. ಉಡುಪಿಯ 0820 ಅಲ್ಲಿಂದ +91 820 ಆಗುತ್ತದೆ. ಮಂಗಳೂರು +91 824, ಕುಂದಾಪುರ +91 8254, ಬೆಂಗಳೂರು +91 80.

ಎರಡನೆಯದು ಇದರ ಉಲ್ಟಾ. ಯುಎಇ ಒಳಗೆ ಸೊನ್ನೆ ಬೇಕೇ ಬೇಕು. ದುಬೈ ಲ್ಯಾಂಡ್‌ಲೈನ್‌ಗೆ ಮೊಬೈಲ್‌ನಿಂದ ಮಾಡುವಾಗ 04 ಸೇರಿಸಿ, ಅಬುಧಾಬಿಗೆ 02, ಶಾರ್ಜಾ ಮತ್ತು ಅಜ್ಮಾನ್‌ಗೆ 06, ಅಲ್ ಐನ್‌ಗೆ 03. ಬರೀ ಏಳು ಅಂಕಿ ಒತ್ತಿದರೆ ಹೋಗುವುದಿಲ್ಲ. ಪ್ಲಸ್ ಹಾಕಿ ಸೇವ್ ಮಾಡಿದ್ದರೆ ಒಳಗಿನಿಂದಲೂ ಅದೇ ನಡೆಯುತ್ತದೆ, ಯೋಚನೆಯೇ ಬೇಡ. 800ರಿಂದ ಶುರುವಾಗುವ ಉಚಿತ ನಂಬರ್‌ಗಳಿಗೆ ಮಾತ್ರ ಸೊನ್ನೆಯೂ ಬೇಡ, ಕೋಡೂ ಬೇಡ, ಹಾಗೇ ಒತ್ತಿ. ದುಬೈಯಲ್ಲಿ ಭಾರತೀಯರ ನೆರವಿಗಾಗಿ ಇರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರ್ 800 46342 ಕೂಡ ಹಾಗೇ. ಸಂಬಳ ಸಿಗದಿದ್ದರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ ಅಲ್ಲಿಗೆ ಹೇಳಬಹುದು. ಪೊಲೀಸ್ 999, ಆಂಬುಲೆನ್ಸ್ 998, ಅಗ್ನಿಶಾಮಕ 997. ಈ ಮೂರನ್ನು ಹೋಗುವ ಮೊದಲೇ ಬಾಯಿಪಾಠ ಮಾಡಿಸಿ.

ನಮ್ಮ ಬ್ಯಾಂಕುಗಳ 1800 ನಂಬರ್ ಸಾಮಾನ್ಯವಾಗಿ ಹೊರದೇಶದಿಂದ ಹೋಗುವುದಿಲ್ಲ. ಬ್ಯಾಂಕುಗಳು ಹೊರಗಿನವರಿಗಾಗಿ +91ರಿಂದ ಶುರುವಾಗುವ ಬೇರೆ ನಂಬರ್ ಕೊಡುತ್ತವೆ. ಅದು ಕಾರ್ಡಿನ ಹಿಂದೆ ಇದೆಯಾ ನೋಡಿ ಬರೆದುಕೊಂಡೇ ವಿಮಾನ ಹತ್ತಿ. ಕಾರ್ಡ್ ಕಳೆದಮೇಲೆ ಕಾರ್ಡಿನ ಹಿಂದೆ ನೋಡಲು ಆಗುವುದಿಲ್ಲವಲ್ಲ.

ಅವರ ಕರೆ ಇಲ್ಲಿಗೆ ಬರುತ್ತಿಲ್ಲ

ಅಮ್ಮನ ಫೋನ್‌ನಲ್ಲಿ ಗೊತ್ತಿಲ್ಲದ ನಂಬರ್‌ಗಳನ್ನು ತಡೆಯುವ ಸೆಟ್ಟಿಂಗ್ ಆನ್ ಇರುತ್ತದೆ. ಮಗನ ಹೊಸ ನಂಬರ್ ಸೇವ್ ಆಗಿರುವುದಿಲ್ಲ. ಅಷ್ಟೇ ವಿಷಯ. ಸೇವ್ ಮಾಡಿದರೆ ಸರಿ ಹೋಗುತ್ತದೆ. ಅಮ್ಮನ ರೀಚಾರ್ಜ್ ಅವಧಿ ಮುಗಿದಿದ್ದರೂ ಒಳಬರುವ ಕರೆ ನಿಲ್ಲಬಹುದು, ಅದನ್ನು ಮಗ ಅಲ್ಲಿಂದಲೇ ಹಾಕಿಸಬಹುದು.

ಗೊತ್ತಿಲ್ಲದ ಹೊರದೇಶದ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ಸುಮ್ನೆ ವಾಪಸ್ ಮಾಡಬೇಡಿ. ಹಾಗೆ ಕರೆ ಮಾಡಿಸಿಯೇ ದುಡ್ಡು ಹೊಡೆಯುವ ಜಾಲ ಇದೆ. ಮಗ ಇರುವ ದೇಶದ ಕೋಡ್ ಗೊತ್ತಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಹೊರಗಿನಿಂದ ಕರೆ ಮಾಡಿ ಭಾರತದ ನಂಬರ್ ಕಾಣುವ ಹಾಗೆ ಮಾಡುವ ವಂಚಕರೂ ಇದ್ದಾರೆ. ಅದನ್ನು ತಡೆಯಲು ಕೇಂದ್ರ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಒಂದು ವ್ಯವಸ್ಥೆ ತಂದಿತು. ಆದರೂ ಯಾರಾದರೂ ಪೊಲೀಸ್ ಅಂತ ಹೇಳಿ "ನಿಮ್ಮ ಮಗ ದುಬೈಯಲ್ಲಿ ಸಿಕ್ಕಿಬಿದ್ದಿದ್ದಾನೆ, ದುಡ್ಡು ಕಳಿಸಿ" ಅಂದರೆ ಫೋನ್ ಇಟ್ಟುಬಿಡಿ, ಮಗನ ನಂಬರ್‌ಗೆ ನೀವೇ ಕರೆ ಮಾಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ. ಸಂಶಯದ ಕರೆ ಮಾತ್ರ ಆದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನ ಚಕ್ಷು ವಿಭಾಗದಲ್ಲಿ ದೂರು ಕೊಡಬಹುದು.

ಇಷ್ಟೆಲ್ಲ ನೋಡಿದರೂ ಆಗದಿದ್ದರೆ ಕಂಪನಿಗೆ ಫೋನ್ ಮಾಡಲೇಬೇಕು. ಮಾಡುವ ಮೊದಲು ಒಂದು ಚೀಟಿ ಬರೆದುಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ ಮಾಡಿದಿರಿ, ಪ್ಲಸ್ ಸೇರಿ ಏನೇನು ಒತ್ತಿದಿರಿ, ಯಾವ ಭಾಷೆಯಲ್ಲಿ ಏನು ಹೇಳಿತು. "ಕರೆ ಹೋಗುವುದಿಲ್ಲ" ಅಂತ ಮಾತ್ರ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಅಂತಾರೆ. ಚೀಟಿ ಓದಿದರೆ ನೇರವಾಗಿ ಐಎಸ್‌ಡಿ ನೋಡುವವರಿಗೆ ಕೊಡುತ್ತಾರೆ.

ಅಕ್ಕನಿಗೆ ಒಂದು ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಮೇಲೆ ಮಗನ ನಂಬರ್, ಪ್ಲಸ್ ಸೇರಿ ಮೂರು ಮೂರು ಅಂಕಿ ಬಿಡಿಸಿ. ಕೆಳಗೆ ಅವನ ರೂಮಿನವನದ್ದು. ಇನ್ನೂ ಕೆಳಗೆ "ಅಲ್ಲಿ ಒಂದೂವರೆ ಗಂಟೆ ಹಿಂದೆ". ಅವರು ಅದನ್ನು ದೇವರ ಕ್ಯಾಲೆಂಡರ್ ಪಕ್ಕದಲ್ಲಿ ಅಂಟಿಸಿದ್ದಾರೆ. ಮೊನ್ನೆ ರಸ್ತೆಯಲ್ಲಿ ಸಿಕ್ಕಾಗ ಹೇಳಿದರು, "ನಿನ್ನೆ ಅರಬ್ಬಿ ಬಂತು ಮಾರಾಯ. ಅಲ್ಲಿಗೆ ಮುಟ್ಟಿದೆ ಅಂತ ಗೊತ್ತಾಯ್ತು. ರಾತ್ರಿ ಅವನೇ ಮಾಡಿದ."